ಸಂಜೆ ಐದೂವರೆಗೆ ಟೇಬಲ್ ಹಿಡಿಯಿರಿ

ನಮ್ಮ ಮದುವೆಯಾಗಿ ಹನ್ನೆರಡು ವರ್ಷ ತುಂಬಿದ ದಿನ, ಉಡುಪಿ ಕಡೆಯ ಒಂದು ರೆಸ್ಟೋರೆಂಟಿಗೆ ಮುಂಗಡ ಕಳಿಸಿ, ‘ಸೀ ವ್ಯೂ’ ಎಂದು ಒತ್ತಿ ಹೇಳಿ ಟೇಬಲ್ ಬುಕ್ ಮಾಡಿದ್ದೆ. ರಾತ್ರಿಯ ಊಟವಲ್ಲವೇ ಎಂದು ಎಂಟೂವರೆಗೆ ಹೇಳಿದ್ದೆ. ಹೋಗಿ ಕೂತೆವು. ಬಿಳಿ ಬಟ್ಟೆ ಹಾಸಿದ ಮೇಜು, ಗಾಜಿನ ಲೋಟದೊಳಗೊಂದು ಮೇಣದಬತ್ತಿ, ತಲೆಯ ಮೇಲೆ ಬಣ್ಣದ ಬಲ್ಬುಗಳ ಸರ. ಎದುರಿಗೆ ಡಾಂಬರು ಬಳಿದಂಥ ಕತ್ತಲು. ನನ್ನ ಹೆಂಡತಿ ಕುಂದಾಪುರದವಳು. ಎರಡು ನಿಮಿಷ ಆ ಕತ್ತಲನ್ನೇ ನೋಡಿ, “ಹ್ವಾಯ್, ಸಮುದ್ರ ಎಲ್ಲಿತ್?” ಎಂದಳು. ನೀರು ತಂದಿಡುತ್ತಿದ್ದ ಹುಡುಗನಿಗೆ ಅದು ಕೇಳಿಸಿತು. ಅವನು ನಗದೆ, “ಎದುರೇ ಉಂಟು ಮೇಡಂ. ಕೇಳಿ,” ಎಂದ.

ಕೇಳಿದೆವು. ಹೌದು, ಇತ್ತು. ಬಿಲ್ಲಿನಲ್ಲೂ ಇತ್ತು.

ಮದುವೆಯ ದಿನದಂದು ಗಂಡ ಹೆಂಡತಿ ಕಡಲ ಬದಿಯಲ್ಲಿ ಊಟ ಮಾಡಿ ಬರುವುದು ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರಿಗೂ ದೊಡ್ಡ ಸಂಗತಿಯಲ್ಲ. ವಾರಾಂತ್ಯಕ್ಕೆ ಒಂದು ದಿನ ಸೇರಿಸಿಕೊಂಡರೆ ಆಯಿತು. (‘ವಿವಾಹ ವಾರ್ಷಿಕೋತ್ಸವ’ ಎಂದಾಗ ನನಗೆ ಶಾಮಿಯಾನ, ಬಹುಮಾನ ವಿತರಣೆ, ಕೊನೆಗೊಂದು ನಾಟಕ ನೆನಪಾಗುತ್ತದೆ. ಅದಕ್ಕೇ ಈ ಲೇಖನದ ಉದ್ದಕ್ಕೂ ಮದುವೆಯ ದಿನ ಎಂದೇ ಬರೆಯುತ್ತೇನೆ.) ಆ ಕತ್ತಲ ಊಟದ ನಂತರ ನಾವು ಹೆಚ್ಚುಕಡಿಮೆ ಪ್ರತಿ ವರ್ಷ ಮಂಗಳೂರಿನಿಂದ ಕಾರವಾರದವರೆಗೆ ಎಲ್ಲಾದರೂ ಒಂದು ಕಡೆ ಕೂತಿದ್ದೇವೆ. ಕೆಲವು ಸಲ ಮೋಸ ಹೋಗಿದ್ದೇವೆ, ಕೆಲವು ಸಲ ಎದ್ದು ಬರಲು ಮನಸ್ಸಾಗಿಲ್ಲ. ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ: ಕಡಲ ಬದಿಯಲ್ಲಿ ಟೇಬಲ್ ಹಿಡಿಯಬೇಕಾದದ್ದು ಊಟದ ಹೊತ್ತಿಗಲ್ಲ, ಸಂಜೆಗೆ.

ಕಾರಣ ಸರಳ. ನಮ್ಮ ಕರಾವಳಿಯಲ್ಲಿ ಸೂರ್ಯ ಓರೆಯಾಗಿ ಜಾರುವುದಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಹಾಗಾಗಿ ಮುಸ್ಸಂಜೆ ಬಹಳ ಹೊತ್ತು ಇರುವುದಿಲ್ಲ. ಸೂರ್ಯ ನೀರಿಗಿಳಿದ ಅರ್ಧ ಗಂಟೆಯೊಳಗೆ ಅಲೆಯ ನೊರೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮಂಗಳೂರಿನಲ್ಲಿ ನವೆಂಬರ್ ತಿಂಗಳಲ್ಲಿ ಸೂರ್ಯಾಸ್ತ ಸುಮಾರು 6 ಗಂಟೆಗೆ. ಫೆಬ್ರುವರಿ ಕೊನೆಗೆ 6.40ರ ಆಸುಪಾಸು, ಮೇ ತಿಂಗಳಲ್ಲಿ 6.45 ದಾಟುತ್ತದೆ. ಕಾರವಾರದವರೆಗೂ ಲೆಕ್ಕ ಇಷ್ಟೇ, ಕೆಲವು ನಿಮಿಷ ಆಚೀಚೆ. ಇದಕ್ಕಿಂತ ಮುಕ್ಕಾಲು ಗಂಟೆ ಮೊದಲು ನೀವು ಕುರ್ಚಿಯಲ್ಲಿ ಕೂತಿರಬೇಕು. ಚಳಿಗಾಲದಲ್ಲಾದರೆ ಐದೂ ಕಾಲು, ಬೇಸಿಗೆಯಲ್ಲಾದರೆ ಆರಕ್ಕೆ ಮುಂಚೆ.

ಇಲ್ಲಿ ಒಂದು ತೊಡಕಿದೆ. ಕರಾವಳಿಯ ಅನೇಕ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಅಡುಗೆಮನೆ ಮುಚ್ಚುತ್ತದೆ, ಮತ್ತೆ ಒಲೆ ಹತ್ತುವುದು ಏಳಕ್ಕೆ. ಫೋನಿನಲ್ಲಿ “ಓಪನ್ ಇದೆಯಾ?” ಎಂದರೆ “ಓಪನ್ ಉಂಟು ಸರ್” ಎನ್ನುತ್ತಾರೆ, ಸುಳ್ಳೇನಲ್ಲ, ಬಾಗಿಲು ತೆರೆದೇ ಇರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: “ಸಂಜೆ ಕಿಚನ್ ಎಷ್ಟು ಗಂಟೆಗೆ ಶುರು? ಅದಕ್ಕಿಂತ ಮುಂಚೆ ಏನೇನು ಸಿಗುತ್ತದೆ?” ಗೋಳಿಬಜೆ, ಒಂದು ಚಹಾ, ಇಲ್ಲವೇ ಎಳನೀರು ಸಿಕ್ಕರೂ ಸಾಕು. ಸೂರ್ಯ ಮುಳುಗುವ ಹೊತ್ತಿಗೆ ಬಾಯಿಗೆ ಅದಕ್ಕಿಂತ ಹೆಚ್ಚಿನ ಕೆಲಸ ಬೇಕಾಗುವುದಿಲ್ಲ. ನಿಜವಾದ ಊಟ ಏಳೂವರೆಗೆ ಬರಲಿ.

ಎರಡನೆಯ ಪ್ರಶ್ನೆ ಕುರ್ಚಿಯದು. ಇಬ್ಬರ ಟೇಬಲಿನಲ್ಲಿ ಎದುರುಬದುರು ಕುರ್ಚಿ ಹಾಕುವುದು ವಾಡಿಕೆ. ಆಗ ಒಬ್ಬರಿಗೆ ಕಡಲು, ಇನ್ನೊಬ್ಬರಿಗೆ ಅಡುಗೆಮನೆಯ ಬಾಗಿಲು. ನಮ್ಮ ಮನೆಯಲ್ಲಿ ಕಡಲು ಯಾರ ಪಾಲಿಗೆ ಎಂಬುದರಲ್ಲಿ ಎಂದೂ ಚರ್ಚೆ ಇರಲಿಲ್ಲ. ನಾನು ಮೂರು ವರ್ಷ ತಟ್ಟೆ ಹೊತ್ತು ಓಡಾಡುವವರನ್ನು ನೋಡಿ ಅವಳ ಮುಖದ ಮೇಲೆ ಬಿದ್ದ ಬೆಳಕಿನಿಂದಲೇ ಸೂರ್ಯಾಸ್ತವನ್ನು ಅಂದಾಜು ಮಾಡಿದೆ. ಅದೂ ಚೆಂದವೇ ಅನ್ನಿ. ಈಗ ಫೋನಿನಲ್ಲೇ ಹೇಳುತ್ತೇನೆ: “ಎರಡೂ ಕುರ್ಚಿ ಒಂದೇ ಬದಿಗೆ ಹಾಕಿಡಿ, ಅಣ್ಣ.” ಇದಕ್ಕೆ ಯಾರೂ ಇಲ್ಲ ಎಂದದ್ದಿಲ್ಲ, ಯಾರೂ ಕೇಳುವುದಿಲ್ಲ ಅಷ್ಟೆ.

‘ಸೀ ವ್ಯೂ’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಕಡಲಿನ ಅಂಚಿನಲ್ಲಿ ಗಟ್ಟಿ ಕಟ್ಟಡ ಕಟ್ಟದಂತೆ ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದ ಇದೆ, ಜನವಸತಿ ಕಡಿಮೆಯಿರುವ ಕಡೆ ಉಬ್ಬರದ ಗೆರೆಯಿಂದ 200 ಮೀಟರ್‌ವರೆಗೂ ಬಿಗಿ. ಹಾಗಾಗಿ ಅಲೆಗೆ ತೀರ ಹತ್ತಿರದಲ್ಲಿ ಸಿಗುವುದು ಮಡಲು, ಬಿದಿರಿನ ಶ್ಯಾಕುಗಳೇ. ಅವು ಮಳೆಗಾಲಕ್ಕೆ ಬಿಚ್ಚಿಡುವಂಥವು. ಪಕ್ಕಾ ಕಟ್ಟಡದ ರೆಸ್ಟೋರೆಂಟುಗಳು ಹೆಚ್ಚಾಗಿ ರಸ್ತೆಯಾಚೆಗಿರುತ್ತವೆ, ನಡುವೆ ಗಾಳಿಮರಗಳ ಸಾಲು, ಪಾರ್ಕಿಂಗ್, ಚುರುಮುರಿ ಗಾಡಿ. ಅಂಥ ಕಡೆ ನೆಲಮಹಡಿಗಿಂತ ಮೇಲಿನ ಮಹಡಿ ಲೇಸು. ಜಾಲತಾಣದಲ್ಲಿರುವ ಫೋಟೋಗಳಲ್ಲಿ ಹೋಟೆಲಿನವರು ಹಾಕಿದ್ದನ್ನು ಬಿಟ್ಟು ಗಿರಾಕಿಗಳು ತೆಗೆದದ್ದನ್ನು ನೋಡಿ. ಯಾರದೋ ಮಗುವಿನ ಹುಟ್ಟುಹಬ್ಬದ ಫೋಟೋದ ಹಿಂದೆ ನಿಜವಾದ ಕಡಲು ಎಷ್ಟು ದೂರ ಇದೆಯೆಂದು ಗೊತ್ತಾಗುತ್ತದೆ.

ಇನ್ನು ದಿನದ ಮಾತು. ಮದುವೆಯ ದಿನ ಯಾವಾಗ ಬರಬೇಕೆಂದು ನಮ್ಮನ್ನು ಯಾರೂ ಕೇಳಿರಲಿಲ್ಲ. ಪುರೋಹಿತರು ಇಟ್ಟ ಮುಹೂರ್ತ. ಆದರೆ ಆ ಮುಹೂರ್ತವೇ ನಿಮ್ಮ ಕಡಲ ಊಟದ ಹವಾಮಾನವನ್ನೂ ನಿರ್ಧರಿಸಿಬಿಟ್ಟಿರುತ್ತದೆ. ನಮ್ಮಲ್ಲಿ ಬಹಳಷ್ಟು ಮದುವೆಗಳು ಏಪ್ರಿಲ್, ಮೇ ತಿಂಗಳಲ್ಲಿ ಆಗುತ್ತವೆ. ಮಕ್ಕಳ ಶಾಲೆಗೆ ರಜೆ, ಇಡೀ ರಾಜ್ಯವೇ ಕರಾವಳಿಯಲ್ಲಿ, ಸೆಖೆಯೆಂದರೆ ಹಾಕಿದ ಅಂಗಿ ಮೈಗಂಟಿ ಕೂರುವಷ್ಟು. ಆ ಜೋಡಿಗಳಿಗೆ ನನ್ನ ಸಲಹೆ: ಶನಿವಾರ, ಭಾನುವಾರ ಬಿಡಿ. ಮದುವೆಯ ದಿನ ಬುಧವಾರ ಬಂದರೆ ಅದು ಭಾಗ್ಯವೆಂದುಕೊಂಡು ಬುಧವಾರವೇ ಹೋಗಿ. ಸಂಜೆ ಗುಡುಗು ಮಳೆ ಬರುವ ಕಾಲವಾದ್ದರಿಂದ “ಮಳೆ ಬಂದರೆ ಒಳಗೆ ಜಾಗ ಕೊಡುತ್ತೀರಾ?” ಎಂದು ಕೇಳಿಟ್ಟುಕೊಳ್ಳಿ. ಸಿಡಿಲಿದ್ದರೆ ಹೊಯಿಗೆಯ ಮೇಲೆ ಕೂರುವ ಸಾಹಸ ಬೇಡ. ತುಳಸಿ ಪೂಜೆ ಮುಗಿದ ಮೇಲೆ ಮದುವೆಯಾದವರು, ಮಾಘ ಮಾಸದವರು ಅದೃಷ್ಟವಂತರು. ನವೆಂಬರಿನಿಂದ ಫೆಬ್ರುವರಿಯವರೆಗೆ ಕಡಲು ಶಾಂತ, ಆಕಾಶ ತಿಳಿ, ಬೆವರೂ ಕಡಿಮೆ. ಧನುರ್ಮಾಸದಲ್ಲಿ ನಮ್ಮವರ ಮದುವೆ ಇಲ್ಲದ್ದು ಒಂದು ಲೆಕ್ಕದಲ್ಲಿ ಉಪಕಾರವೇ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಕಡಲತೀರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಗಲ್ಫಿನಿಂದ, ಮುಂಬಯಿಯಿಂದ ಎಲ್ಲರೂ ಊರಿಗೆ ಬರುವ ಆ ಹೊತ್ತಿನಲ್ಲೇ ಮದುವೆಗಳಾಗುವುದುಂಟು. ಅವರು ತಿಂಗಳು ಮೊದಲೇ ಬುಕ್ ಮಾಡಬೇಕು, ಇಲ್ಲವೇ ಮನೆಯಲ್ಲಿ ಹಂದಿಮಾಂಸ, ಸನ್ನಾಸ್ ಮಾಡಿಕೊಂಡು ಜನವರಿ ಎರಡನೇ ವಾರಕ್ಕೆ ಕಡಲನ್ನು ಮುಂದೂಡಬೇಕು.

ಜೂನಿನವರ ಕಷ್ಟ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ. ಕಡಲೂ ಒರಟು. ಆಗ ಸಿಗುವುದು ನಾಡದೋಣಿಯವರು ತಂದ ಸ್ವಲ್ಪ ಮೀನು, ಇಲ್ಲವೇ ಐಸ್ ಹಾಕಿ ಬಂದದ್ದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಮಾತ್ರ, ಆಮೇಲೆ ಆ ಕಡೆಯ ಮೀನು ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ಹಾಗೆಂದು ಮಳೆಗಾಲವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಗಾಜಿನ ಕಿಟಕಿಯೊಳಗೆ ಕೂತು, ಕೋಳಿ ಸುಕ್ಕ, ನೀರ್‌ದೋಸೆ ತಿನ್ನುತ್ತಾ, ಕೆಸರು ಬಣ್ಣದ ಕಡಲು ಕಲ್ಲಿನ ತಡೆಗೋಡೆಗೆ ಬಂದು ಅಪ್ಪಳಿಸುವುದನ್ನು ನೋಡುವ ಸುಖವೇ ಬೇರೆ. ಮೀನು ತಿನ್ನಲೇಬೇಕೆಂಬ ಹಟ ಬಿಡಬೇಕು, ನೀರಿಗಿಳಿಯುವ ಯೋಚನೆಯನ್ನೂ ಬಿಡಬೇಕು.

ತಿಥಿಯ ಪ್ರಕಾರ ಮದುವೆಯ ದಿನ ಆಚರಿಸುವವರು ಈಗ ಕಡಿಮೆ. ಆದರೆ ಕಡಲ ಬದಿಯ ಊಟಕ್ಕೆ ಪಂಚಾಂಗ ನೋಡುವುದು ಕ್ಯಾಲೆಂಡರ್ ನೋಡುವುದಕ್ಕಿಂತ ಜಾಣತನ. ಹುಣ್ಣಿಮೆಗೆ ಬುಕ್ ಮಾಡಿದರೆ ನೀರಿನ ಮೇಲೆ ಬೆಳ್ಳಿ ಹರಡಿರುತ್ತದೆ ಎಂದು ನಾನೂ ನಂಬಿದ್ದೆ. ನಮ್ಮದು ಪಡುವಣ ಕಡಲು. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಮೂಡಣದಲ್ಲಿ, ಅಂದರೆ ನಿಮ್ಮ ಬೆನ್ನ ಹಿಂದೆ, ಹೋಟೆಲಿನ ಜನರೇಟರ್ ಶೆಡ್ಡಿನ ಮೇಲೆ ಹುಟ್ಟುತ್ತಾನೆ. ಅವನು ಕಡಲ ಕಡೆಗೆ ಬಂದು ತಲುಪುವ ಹೊತ್ತಿಗೆ ಹೋಟೆಲಿನವರು ಕುರ್ಚಿ ಮಗುಚಿ ಮೇಜಿನ ಮೇಲಿಟ್ಟಿರುತ್ತಾರೆ. ಊಟದ ಹೊತ್ತಿಗೆ ನೀರಿನ ಮೇಲೆ ಚಂದ್ರ ಬೇಕಿದ್ದರೆ ಶುಕ್ಲಪಕ್ಷದ ಚೌತಿಯಿಂದ ಅಷ್ಟಮಿಯೊಳಗೆ ಹೋಗಬೇಕು. ಸೂರ್ಯ ಇಳಿದಾಗಲೇ ಚಂದ್ರ ಪಡುವಣದ ಆಕಾಶದಲ್ಲಿರುತ್ತಾನೆ. ಪಂಚಮಿಯ ಚಂದ್ರನಾದರೆ ಹತ್ತು ಗಂಟೆಯ ಸುಮಾರಿಗೆ, ನೀವು ಬಿಲ್ಲಿಗೆ ಕೈಯೆತ್ತುವಾಗ, ಕೆಂಪಗಾಗಿ ನೀರಿಗಿಳಿಯುತ್ತಾನೆ. ಒಂದೇ ಕುರ್ಚಿಯಲ್ಲಿ ಕೂತು ಎರಡು ಅಸ್ತ ನೋಡಿದ ಹಾಗಾಯಿತು. ಅಮಾವಾಸ್ಯೆಯವರಿಗೂ ಒಂದು ಆಸೆ ಉಂಟು: ಚಳಿಗಾಲದ ಕೆಲವು ರಾತ್ರಿ ನೀರಿನಲ್ಲಿ ಬೆಳಕು ಸೂಸುವ ಸೂಕ್ಷ್ಮಜೀವಿಗಳು ಹೆಚ್ಚಾಗಿ, ಅಲೆ ಮುರಿಯುವಲ್ಲಿ ನೀಲಿ ಹೊಳೆಯುತ್ತದೆ. ಅದು ಹೇಳಿ ಕೇಳಿ ಬರುವಂಥದ್ದಲ್ಲ.

ಗಾಳಿಯ ಲೆಕ್ಕವನ್ನು ಹೆಂಡತಿಯ ಅಪ್ಪ ಕಲಿಸಿದರು. ಹಗಲು ನೆಲ ಕಾದು ಮಧ್ಯಾಹ್ನದಿಂದ ಕಡಲಗಾಳಿ ಒಳಗೆ ಬೀಸುತ್ತದೆ. ಐದೂವರೆ, ಆರಕ್ಕೆ ಅದು ಜೋರು. ನೆಲ ತಣಿದ ಮೇಲೆ ರಾತ್ರಿ ಗಾಳಿ ತಿರುಗಿ ನೆಲದಿಂದ ಕಡಲಿಗೆ ಹೋಗುತ್ತದೆ. ಈ ಎರಡರ ನಡುವೆ, ಏಳೂವರೆ ಎಂಟರ ಹೊತ್ತಿಗೆ, ಒಂದು ಬಿಡುವು. ಎಲೆಯೂ ಅಲುಗುವುದಿಲ್ಲ, ಸೆಖೆ ದಿಢೀರನೆ ಏರುತ್ತದೆ, ಅಳಿವೆಯ ಹತ್ತಿರವಾದರೆ ಸೊಳ್ಳೆಯೂ ಏಳುತ್ತದೆ. ಅದಕ್ಕೇ ಟೇಬಲ್ ಹಿಡಿಯುವಾಗ ಮೇಲೊಂದು ಫ್ಯಾನ್ ಇದೆಯೇ ಎಂದು ನೋಡಬೇಕು, ಸೊಳ್ಳೆಗೆ ಹಚ್ಚುವ ಮುಲಾಮು ಬ್ಯಾಗಿನಲ್ಲಿರಬೇಕು.

ನಮ್ಮ ಹದಿನೈದನೆಯ ವರ್ಷಕ್ಕೆ ಈ ಪಾಠ ನೆನಪಿದ್ದರೆ ಒಳ್ಳೆಯದಿತ್ತು. ನಾನೇ ಗುಟ್ಟಾಗಿ ಏರ್ಪಾಟು ಮಾಡಿಸಿದ್ದೆ: ಹೊಯಿಗೆಯ ಮೇಲೆ ಗುಲಾಬಿ ಎಸಳಿನ ಹೃದಯ, ಸುತ್ತ ಮೇಣದಬತ್ತಿ, ಬೆಲೂನು, ಕೇಕ್. ಹೊತ್ತು ಸಂಜೆ ಆರು. ನಾವು ಹೋಗುವ ಮುಂಚೆಯೇ ಹೃದಯ ಪಕ್ಕದ ಟೇಬಲಿನವರ ಬಜ್ಜಿಯ ತಟ್ಟೆ ಸೇರಿತ್ತು. ಬೆಲೂನುಗಳು ತಾಳೆಯ ಗಿಡದ ಮುಳ್ಳಿಗೆ ಒಂದೊಂದಾಗಿ ಪಟಾರ್ ಎಂದವು. ಮೇಣದಬತ್ತಿಯನ್ನು ಮೂರು ಜನ ಸುತ್ತುವರಿದು ಕೈ ಅಡ್ಡ ಹಿಡಿದರೂ ಹತ್ತಲಿಲ್ಲ. ಕೇಕಿನ ಕೆನೆಯ ಮೇಲೆ ಸಕ್ಕರೆ ಉದುರಿಸಿದ್ದಾರೆ ಎಂದುಕೊಂಡು ತಿಂದರೆ ಅದು ಹೊಯಿಗೆ. ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಆ ಮಟ್ಟಿಗೆ ಏರ್ಪಾಟು ಫಲಿಸಿತೆನ್ನಬೇಕು. ಆದ್ದರಿಂದ ಕೇಕ್ ಬೇಕೇ ಬೇಕೆನ್ನುವವರು ಅದನ್ನು ಹೋಟೆಲಿನ ಫ್ರಿಜ್ಜಿನಲ್ಲಿಡಿಸಿ, ಗಾಳಿ ನಿಂತ ಮೇಲೆ, ಎಂಟರ ಹೊತ್ತಿಗೆ ತರಿಸಿ. ಕೆನೆಯ ಕೇಕ್ ಸೆಖೆಗೆ ಕರಗುತ್ತದೆ, ಕೆನೆಯಿಲ್ಲದ ಪ್ಲಮ್ ಕೇಕಿನಂಥದ್ದು ತಡೆದೀತು. ನನ್ನನ್ನು ಕೇಳಿದರೆ ಕೇಕ್ ಬಿಟ್ಟು ಒಂದು ಗಡ್‌ಬಡ್ ತರಿಸಿ ಎರಡು ಚಮಚ ಹಾಕಿಸಿಕೊಳ್ಳಿ. ನಮ್ಮ ಕರಾವಳಿಯಲ್ಲೇ ಹುಟ್ಟಿದ ತಿನಿಸು, ಊದುವ ರಗಳೆಯೂ ಇಲ್ಲ.

ಆಕಾಶದೀಪ, ಪಟಾಕಿ ಮಾತ್ರ ಬೇಡ. ಡಿಸೆಂಬರಿನಿಂದ ಮಾರ್ಚಿನವರೆಗೆ ಕುಂದಾಪುರ, ಉತ್ತರ ಕನ್ನಡದ ತೀರಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆದ ಮರಿ ಬೆಳಕು ಕಂಡ ಕಡೆ ತೆವಳುತ್ತದೆ. ಅದಕ್ಕೆ ಕಾಣಬೇಕಾದದ್ದು ಕಡಲ ಮೇಲಿನ ಆಕಾಶದ ಬೆಳಕು, ನಿಮ್ಮ ಸಡಗರದ್ದಲ್ಲ.

ಈಗ ತಟ್ಟೆಗೆ ಬರೋಣ. ಕಡಲ ಬದಿಯ ಹೋಟೆಲುಗಳ ಮೆನುವಿನಲ್ಲಿ ಮೀನಿನ ಹೆಸರಿನ ಮುಂದೆ ದರವಿರಬೇಕಾದಲ್ಲಿ ‘ಎಪಿಎಸ್’ ಎಂದಿರುತ್ತದೆ. ಗಾತ್ರಕ್ಕೆ ತಕ್ಕ ಬೆಲೆ ಎಂದು ಅದರ ಅರ್ಥ. ಊಟ ಮುಗಿದ ಮೇಲೆ ಆಗುವ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಮೂರಕ್ಷರದಿಂದ. ಕೇಳಲು ನಾಚಿಕೊಳ್ಳಬೇಡಿ. “ಮೀನು ತಂದು ತೋರಿಸಿ, ಇದರ ರೇಟ್ ಎಷ್ಟಾಗುತ್ತದೆ ಹೇಳಿ” ಎಂದರೆ ಒಳ್ಳೆಯ ಹೋಟೆಲಿನವರು ಖುಷಿಯಿಂದಲೇ ಟ್ರೇ ತರುತ್ತಾರೆ. ತೋರಿಸಲು ಹಿಂದೆಮುಂದೆ ನೋಡಿದರೆ ಆ ದಿನ ಕೋಳಿ ತಿನ್ನುವುದು ಮೇಲು.

ಟ್ರೇ ಬಂದಾಗ ನನ್ನ ಹೆಂಡತಿ ಬೇರೆಯೇ ಮನುಷ್ಯಳಾಗುತ್ತಾಳೆ. ಹೊಸ ಸೀರೆ, ಮಲ್ಲಿಗೆ, ಮದುವೆಯ ದಿನ ಎಲ್ಲ ಒಂದು ಪಕ್ಕಕ್ಕೆ. ಮೊದಲು ಕಣ್ಣು ನೋಡುತ್ತಾಳೆ, ಉಬ್ಬಿ ಹೊಳೆಯಬೇಕು, ಮಸುಕಾಗಿ ಒಳಗೆ ಕುಸಿದಿರಬಾರದು. ಹೆಬ್ಬೆರಳಿನಿಂದ ಕಿವಿರು ಎತ್ತುತ್ತಾಳೆ, ಕೆಂಪಗಿರಬೇಕು, ಕಂದಿದ್ದರೆ ಬೇಡ. ಆಮೇಲೆ ಬೆನ್ನಿನ ಮೇಲೆ ಬೆರಳಿಟ್ಟು ಒತ್ತಿ ಬಿಡುತ್ತಾಳೆ. ಬಿದ್ದ ಕುಳಿ ತಕ್ಷಣ ಮೇಲೆದ್ದರೆ ತಾಜಾ. ಕೊನೆಗೆ ಮೂಸುತ್ತಾಳೆ: ಒಳ್ಳೆಯ ಮೀನಿಗೆ ಕಡಲ ವಾಸನೆ ಇರುತ್ತದೆ, ಮೀನಿನ ವಾಸನೆ ಇರುವುದಿಲ್ಲ. ಒಮ್ಮೆ ಹೀಗೆ ಮಾಂಜಿಯೊಂದನ್ನು ಒತ್ತಿ ನೋಡಿ, “ಇದ್ ನಿನ್ನೆದ್ದಲ್ಲ, ಮೊನ್ನೆದ್ದ್” ಎಂದಳು. ವೇಯ್ಟರ್ ತಲೆ ಕೆರೆದುಕೊಂಡು, “ಅಕ್ಕ, ನೀವು ಬಂಗುಡೆ ತಕೊಳ್ಳಿ” ಎಂದ. ಮೇಡಂ ಹೋಗಿ ಅಕ್ಕ ಆದದ್ದನ್ನು ಗಮನಿಸಿ. ಆಮೇಲೆ ಬಂದ ಬಂಗುಡೆ ಪುಳಿಮುಂಚಿಯಂಥದ್ದನ್ನು ನಾನು ಮತ್ತೆ ತಿಂದಿಲ್ಲ.

ಮೀನಿನ ಅಭ್ಯಾಸ ಕಡಿಮೆಯಿರುವ ಘಟ್ಟದ ಮೇಲಿನವರಿಗೆ ಕಾಣೆ ರವಾ ಫ್ರೈ ಸುರಕ್ಷಿತ. ಬೆರಳಿನಷ್ಟು ದಪ್ಪದ ನೀಳ ಮೀನು. ನಡುವಿನ ಮುಳ್ಳಿನ ಎರಡೂ ಬದಿಯ ಮಾಂಸವನ್ನು ಬೆರಳಿನಿಂದ ಮೆಲ್ಲಗೆ ದೂಡಿದರೆ, ಬಿಳಿಯ ಹತ್ತಿಯಂಥ ಎಸಳು ರವೆಯ ಗರಿಯ ಸಮೇತ ಕಳಚಿಕೊಳ್ಳುತ್ತದೆ, ಮುಳ್ಳು ಬಾಚಣಿಗೆಯಂತೆ ಇಡಿಯಾಗಿ ತಟ್ಟೆಯಲ್ಲಿ ಉಳಿಯುತ್ತದೆ. ಹೆಸರಿಗೆ ತಕ್ಕಂತೆ ಬೇಗ ಕಾಣೆಯಾಗುವ ಮೀನು, ಇಬ್ಬರಿಗೆ ನಾಲ್ಕಾದರೂ ಬೇಕು. ಅಂಜಲ್ ತುಂಡು ದೊಡ್ಡದು, ಮುಳ್ಳು ಕಡಿಮೆ, ಬೆಲೆ ಜಾಸ್ತಿ, ತವಾ ಫ್ರೈಗೆ ಹೇಳಿ ಮಾಡಿಸಿದ್ದು. ಬೂತಾಯಿಗೆ ರುಚಿ ಹೆಚ್ಚು, ಮುಳ್ಳೂ ಹೆಚ್ಚು, ಮಾತಾಡುತ್ತಾ ತಿನ್ನುವ ಮೀನಲ್ಲ. ಏಡಿ ಮದುವೆಯ ದಿನಕ್ಕೆ ಬೇಡವೆಂದು ನನ್ನ ಅಭಿಪ್ರಾಯ. ಒಂದು ಗಂಟೆ ಇಬ್ಬರೂ ತಲೆ ತಗ್ಗಿಸಿ ಚಿಪ್ಪು ಕಡಿಯುತ್ತಾ ಕೂರಬೇಕಾಗುತ್ತದೆ. ಇಪ್ಪತ್ತು ವರ್ಷ ದಾಟಿದವರಿಗೆ ಅದೂ ಅನುಕೂಲವೇ ಇದ್ದೀತು. ಜೊತೆಗೆ ನೀರ್‌ದೋಸೆ ಇರಲಿ, ಗ್ರೇವಿಯ ತೆಂಗಿನಕಾಯಿ, ಬ್ಯಾಡಗಿ ಮೆಣಸಿಗೆ ಅದರಷ್ಟು ಒಗ್ಗುವುದು ಇನ್ನೊಂದಿಲ್ಲ. ಕುಂದಾಪುರದ ಆಸುಪಾಸಿನಲ್ಲಿದ್ದರೆ ಘೀ ರೋಸ್ಟ್ ಬಿಡಬೇಡಿ, ಅದರ ತವರು ಅದೇ. ಕಾರವಾರ, ಅಂಕೋಲೆಯ ಕಡೆ ಹೋದಂತೆ ಅಡುಗೆ ಬದಲಾಗುತ್ತದೆ. ಮೀನಿನ ಸಾರಿಗೆ ತೆಪ್ಪಲ ಬೀಳುತ್ತದೆ, ನಾಲಿಗೆ ಸಣ್ಣಗೆ ಜುಮ್ಮೆನ್ನುತ್ತದೆ, ಕೊನೆಗೆ ಕೋಕಮ್ಮಿನ ಸೋಲ್‌ಕಡಿ.

ಇಬ್ಬರಲ್ಲಿ ಒಬ್ಬರು ಸಸ್ಯಾಹಾರಿಯಾಗಿದ್ದರೆ? ನನ್ನ ಅಕ್ಕ, ಭಾವನ ಮನೆಯ ಕಥೆ ಇದು. ಕಡಲ ಬದಿಯ ಮೀನಿನ ಹೋಟೆಲಿನಲ್ಲಿ ಸಸ್ಯಾಹಾರಿಗೆ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲೆ ಬಿಟ್ಟರೆ ಗತಿಯಿಲ್ಲ ಎಂಬ ಸ್ಥಿತಿ ಇದೆ, ಮೀನು ಹುರಿದ ಎಣ್ಣೆಯ ಸಂಶಯ ಬೇರೆ. ಅಂಥವರಿಗೆ ಎರಡು ದಾರಿ. ಒಂದು, ಸೂರ್ಯಾಸ್ತವನ್ನು ತೀರದಲ್ಲಿ ನೋಡಿ ಊಟಕ್ಕೆ ಉಡುಪಿ ಪೇಟೆಗೆ ಹೋಗುವುದು, ಮಲ್ಪೆಯಿಂದ ಆರೇಳು ಕಿಲೋಮೀಟರ್ ಅಷ್ಟೆ. ಇನ್ನೊಂದು ಮುರುಡೇಶ್ವರ. ಅಲ್ಲಿ ನೀರಿನ ಮೇಲೇ ಕಂಬ ಊರಿ ನಿಲ್ಲಿಸಿದ ರೆಸ್ಟೋರೆಂಟಿದೆ, ಕಾಲ ಕೆಳಗೆ ಅಲೆ, ಮಗ್ಗುಲಿಗೆ 123 ಅಡಿಯ ಶಿವ. ದೇವಸ್ಥಾನದ ಊರು, ಜನಜಂಗುಳಿ ಇರುತ್ತದೆ. ಏಕಾಂತ ಬೇಕೆನ್ನುವವರಿಗೆ ಅಲ್ಲ. ಆದರೆ ಕಡಲು ಅಷ್ಟು ಹತ್ತಿರ ಬೇರೆಲ್ಲೂ ಸಿಗಲಿಕ್ಕಿಲ್ಲ.

ಹಾಗಾದರೆ ಯಾವ ಊರು? ಹೋಟೆಲಿನ ಹೆಸರು ಹೇಳುವುದಿಲ್ಲ. ಅಡುಗೆಯವರು ಬದಲಾದರೆ ಹೋಟೆಲೇ ಬದಲಾದಂತೆ. ತೀರಗಳ ಗುಣ ಹೇಳಬಹುದು. ಮಂಗಳೂರಿನವರಿಗೆ ಪಣಂಬೂರು ಕೈಗೆಟಕುವಂಥದ್ದು, ಆದರೆ ಸಂತೆ. ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ಫಲ್ಗುಣಿ ನದಿ ದಾಟಿ ತಣ್ಣೀರುಬಾವಿಗೆ ಹೋಗುವುದು ಐದು ನಿಮಿಷದ ಸುಖ. ವಾಪಸು ಬರುವ ಕೊನೆಯ ದೋಣಿ ಎಷ್ಟಕ್ಕೆ ಎಂದು ಇಳಿಯುವಾಗಲೇ ಕೇಳಿಟ್ಟುಕೊಳ್ಳಬೇಕು, ಇಲ್ಲವಾದರೆ ಕೂಳೂರು ಸುತ್ತಿ ಬರಬೇಕು. ಬಂಡೆಗಳ ನಡುವೆ ಸೂರ್ಯ ಇಳಿಯುವುದು ನೋಡಬೇಕಾದರೆ ಸೋಮೇಶ್ವರ. ಕಾಪುವಿನಲ್ಲಿ 1901ರ ದೀಪಸ್ತಂಭ ಇದೆ, ಸಂಜೆ ಮೇಲೆ ಹತ್ತಲು ಬಿಟ್ಟಾಗ ಹತ್ತಿ, ಕತ್ತಲಾದ ಮೇಲೆ ಕೆಳಗೆ ಕೂತು ಅದರ ಬೆಳಕು ಸುತ್ತುವುದನ್ನು ನೋಡಿ. 2020ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಪಡುಬಿದ್ರಿ ಅಲ್ಲೇ ಹತ್ತಿರ, ಚೊಕ್ಕಟವಾಗಿದೆ. ಮಲ್ಪೆಯ ಮುಖ್ಯ ತೀರದ ಗದ್ದಲ ಬೇಡವಾದರೆ ಪಡುಕೆರೆಗೆ, ಇಲ್ಲವೇ ಸುವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಗೆ ಹೋಗಿ. ನನ್ನ ಮತ ಅದಕ್ಕೇ. ಒಂದು ಬದಿಗೆ ನದಿ, ಒಂದು ಬದಿಗೆ ಕಡಲು, ಬೋಟುಗಳು ಅಳಿವೆಯಲ್ಲಿ ಸಾಲಾಗಿ ಒಳಗೆ ಬರುವುದು ಕಾಣುತ್ತದೆ. ಮರವಂತೆಯಲ್ಲೂ ಸೌಪರ್ಣಿಕೆ ಮತ್ತು ಕಡಲಿನ ನಡುವೆ ಹೆದ್ದಾರಿಯೇ ಓಡುತ್ತದೆ, ನೋಟ ಭರ್ಜರಿ, ಆದರೆ ಲಾರಿಗಳ ಹಾರ್ನ್ ಕೇಳುತ್ತಾ ಪ್ರೀತಿಯ ಮಾತು ಕಷ್ಟ.

ಗೋಕರ್ಣದ ಕುಡ್ಲೆ, ಓಂ ಬೀಚುಗಳ ಶ್ಯಾಕುಗಳಲ್ಲಿ ಕಾಲಿಗೆ ಅಲೆ ತಾಗುವಂತೆ ಕೂರಬಹುದು. ಮೆಟ್ಟಿಲು ಇಳಿದು ಹೊಯಿಗೆಯಲ್ಲಿ ನಡೆಯಬೇಕು, ರಾತ್ರಿ ಅದೇ ಮೆಟ್ಟಿಲು ಹತ್ತಬೇಕು. ಮದುವೆಯಾಗಿ ಐದು ವರ್ಷವಾದವರಿಗೆ ಸೈ, ಐವತ್ತು ವರ್ಷವಾದವರನ್ನು ಅಲ್ಲಿಗೆ ಕರೆದೊಯ್ಯಬೇಡಿ. ಅಪ್ಪ ಅಮ್ಮನ ಮದುವೆಯ ದಿನಕ್ಕೆಂದು ಟೇಬಲ್ ಹಿಡಿಯುವ ಮಕ್ಕಳು ಕಡಲು ಎಷ್ಟು ಹತ್ತಿರ ಎಂಬುದಕ್ಕಿಂತ ಮೊದಲು ಶೌಚಾಲಯ ಎಷ್ಟು ಹತ್ತಿರ ಎಂದು ಕೇಳಬೇಕು. ಕುರ್ಚಿಗೆ ಕೈ ಇರಲಿ, ಅದರ ಕಾಲು ಹೊಯಿಗೆಯಲ್ಲಿ ಹೂತುಹೋಗದಂಥ ಗಟ್ಟಿ ನೆಲವಿರಲಿ.

ಕಾರವಾರಕ್ಕೆ ಮದುವೆಯ ದಿನದ ವಿಷಯದಲ್ಲಿ ಒಂದು ವಿಶೇಷ ಹಕ್ಕಿದೆ. ರವೀಂದ್ರನಾಥ ಟಾಗೋರರು ಇಪ್ಪತ್ತೆರಡರ ಹರೆಯದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ತಂಗಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದರು, ಒಂದು ನಾಟಕವನ್ನೂ ಬರೆದರು. ಅಲ್ಲಿಂದ ಮರಳಿದ ಸ್ವಲ್ಪ ದಿನಕ್ಕೆ, 1883ರ ಡಿಸೆಂಬರಿನಲ್ಲಿ, ಅವರ ಮದುವೆಯಾಯಿತು. ಊರಿನ ಕಡಲತೀರಕ್ಕೆ ಈಗ ಅವರದೇ ಹೆಸರು. ಗೋವಾ ಅಲ್ಲೇ ಪಕ್ಕದಲ್ಲಿದೆಯೆಂದು ಬಾಟಲಿ ತರುವ ಆಲೋಚನೆ ಮಾಡಬೇಡಿ, ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸುತ್ತಾರೆ.

ಬಿಲ್ಲಿನ ಬಗ್ಗೆ ಎರಡು ಮಾತು. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಊಟಕ್ಕೆ ಜಿಎಸ್‌ಟಿ ಶೇಕಡಾ 5. ದುಬಾರಿ ಕೋಣೆಗಳಿರುವ ದೊಡ್ಡ ಹೋಟೆಲು, ರೆಸಾರ್ಟುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಅದು ಶೇಕಡಾ 18 ಆಗಿರಬಹುದು. ನಾಲ್ಕು ಸಾವಿರದ ಊಟಕ್ಕೆ ಇನ್ನೂರು ರೂಪಾಯಿಯೋ ಏಳುನೂರಿಪ್ಪತ್ತೋ ಎಂಬ ವ್ಯತ್ಯಾಸ, ಮೊದಲೇ ಕೇಳಿಕೊಂಡರೆ ಒಳ್ಳೆಯದು. ‘ಸರ್ವಿಸ್ ಚಾರ್ಜ್’ ಎಂಬ ಸಾಲು ತಾನಾಗಿ ಸೇರಿಕೊಂಡಿದ್ದರೆ ತೆಗೆಯಲು ಹೇಳಬಹುದು. ಅದನ್ನು ಕಡ್ಡಾಯ ಮಾಡುವಂತಿಲ್ಲವೆಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ. ಆ ದುಡ್ಡನ್ನು ಎರಡು ಕುರ್ಚಿ ಒಂದೇ ಬದಿಗೆ ಹಾಕಿಟ್ಟ ಹುಡುಗನ ಕೈಗೇ ಕೊಡಿ. ಅಲಂಕಾರಕ್ಕೆ, ಕೇಕಿಗೆ ಮುಂಗಡ ಕಳಿಸಿದ್ದರೆ, ಮಳೆ ಬಂದು ರದ್ದಾದರೆ ವಾಪಸು ಸಿಗುತ್ತದೆಯೇ ಎಂಬುದನ್ನು ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ. ಫೋನಿನ ಮಾತು ಕಡಲಗಾಳಿಗೆ ಹೋಗುತ್ತದೆ.

ರಾತ್ರಿಯೇ ಘಟ್ಟ ಹತ್ತಿ ಬೆಂಗಳೂರಿಗೆ ಹಿಂತಿರುಗುವ ಯೋಜನೆ ಹಾಕಬೇಡಿ. ಒಂದು ಬಿಯರ್ ಕುಡಿದವರಂತೂ ಬೇಡವೇ ಬೇಡ. ಹತ್ತಿರದಲ್ಲಿ ಕೋಣೆ ಮಾಡಿ. ನಮಗೆ ಆ ಚಿಂತೆಯಿಲ್ಲ, ಕುಂದಾಪುರದ ಹತ್ತಿರ ಮಾವನ ಮನೆ ಇದೆ.

ಹೋದ ವರ್ಷ ಕೋಡಿ ಬೆಂಗ್ರೆಯ ಕಡೆ ಐದೂ ಮುಕ್ಕಾಲಿಗೆ ಕೂತವರು ಒಂಬತ್ತಕ್ಕೆ ಎದ್ದು, ಅತ್ತೆಗೆಂದು ಒಂದು ಅಂಜಲ್ ತವಾ ಫ್ರೈ ಪಾರ್ಸೆಲ್ ಕಟ್ಟಿಸಿಕೊಂಡು ಹೋದೆವು. ಅತ್ತೆ ಚಾವಡಿಯಲ್ಲೇ ಕಾಯುತ್ತಿದ್ದರು. ಸೂರ್ಯಾಸ್ತ ಹೇಗಿತ್ತೆಂದು ಕೇಳಲಿಲ್ಲ, ಮಗಳ ಹೊಸ ಸೀರೆ ನೋಡಲಿಲ್ಲ. ಬಾಳೆಎಲೆ ಬಿಚ್ಚಿ, ತುಂಡನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿ, “ಎಷ್ಟ್ ಕೊಟ್ರಿ?” ಎಂದರು. ಹೇಳಿದೆ. ಅವರು ಎಲೆಯನ್ನು ಮತ್ತೆ ಮಡಚಿದರು. “ಅಷ್ಟ್ ದುಡ್ಡಿಗ್ ಒಂದ್ ಬುಟ್ಟಿ ಬಂಗ್ಡಿ ಬತ್ತಿತ್ತಲೆ,” ಎಂದು ಒಳಗೆ ಹೋದವರು, ಸ್ವಲ್ಪ ಹೊತ್ತಿಗೆ ಅನ್ನ ಹಾಕಿಕೊಂಡು ಬಂದು ಕೂತರು.